ಬಾಗಿಲಲ್ಲಿ ಬಾಯಿ ತೆರೆದ ಮಂತ್ರಿ

ನಮ್ಮ ಮನೆಯ ಮುಂಬಾಗಿಲ ಪಕ್ಕದಲ್ಲಿ ಒಬ್ಬ ಬ್ರಿಟಿಷ್ ಮಂತ್ರಿಯನ್ನು ನೇತುಹಾಕಿದ್ದೇವೆ. ಗಾಬರಿ ಬೇಡ, ಚಿತ್ರ ಅಷ್ಟೇ. ಕಣ್ಣುಗುಡ್ಡೆ ಉರುಳಿ ಕೆಳಗೆ ಬೀಳುವ ಹಾಗಿದೆ, ನಾಲಿಗೆ ಗದ್ದದವರೆಗೆ ಇಳಿದಿದೆ, ಬಾಯಿ ಈ ಕಿವಿಯಿಂದ ಆ ಕಿವಿಗೆ ತೆರೆದಿದೆ. ಗಾಜಿನ ಮೇಲೆ, ಸರಿಯಾಗಿ ಅವನ ಮೂಗಿನ ತುದಿಗೆ, ಒಂದು ಕುಂಕುಮದ ಬೊಟ್ಟು. ಪಾರ್ಸೆಲ್ ತರುವವರು ಅವನನ್ನೊಮ್ಮೆ ನೋಡುತ್ತಾರೆ, ನನ್ನನ್ನೊಮ್ಮೆ ನೋಡುತ್ತಾರೆ. ಇದು ಯಾವ ದೇವರು ಎಂದು ಭಕ್ತಿಯಿಂದ ಕೇಳಿದವರೂ ಇದ್ದಾರೆ. ವೆಲಿಂಗ್ಟನ್ನಿನ ಗಾಳಿ ಎದ್ದಾಗ ಚೌಕಟ್ಟು ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತದೆ. ಆ ಸದ್ದು ಕೇಳಿದರೆ ಸಾಕು, ಕೈಯಲ್ಲಿರುವ ಕೆಲಸ ಬಿಟ್ಟು ಒಬ್ಬಳೇ ನಗುತ್ತೇನೆ. ಯಾಕೆಂದು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ನನ್ನ ಪರಿಚಯ. ನಾನು ಹಲ್ಲಿನ ಡಾಕ್ಟರು. ಹುಟ್ಟಿದ್ದು ಮೈಸೂರು, ಹಲ್ಲಿನ ವಿದ್ಯೆ ಕಲಿತದ್ದು ಈ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ, ಈಗ ಹಲ್ಲು ಕೀಳುವುದು ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ. ಈ ಕಸುಬಿನವರಿಗೆ ಒಂದು ರೋಗವಿದೆ. ಎದುರಿಗಿರುವವರು ಮಾತಾಡುತ್ತಿದ್ದರೆ ಮಾತು ಕೇಳಿಸುವುದಿಲ್ಲ, ಹಲ್ಲು ಕಾಣಿಸುತ್ತದೆ. ಈಗ ನನ್ನ ಗಂಡನಾಗಿರುವ ಗದಗಿನ ಗಿರೀಶ ಹೆಣ್ಣು ನೋಡಲು ಬಂದಾಗ ತನ್ನ ಜೀವನದ ಆದರ್ಶಗಳನ್ನೆಲ್ಲ ವಿವರವಾಗಿ ಹೇಳಿದನಂತೆ. ನಾನು ಅವನ ಕೆಳಸಾಲಿನ ಜೋಡಣೆ ನೋಡುತ್ತ ತಲೆದೂಗುತ್ತಿದ್ದೆ. ನಾನು ತನ್ನ ಆದರ್ಶಗಳಿಗೆ ಮಾರುಹೋದೆನೆಂದು ಅವನು ಇಂದಿಗೂ ನಂಬಿದ್ದಾನೆ, ನಂಬಿಕೊಂಡಿರಲಿ.

ಈ ಮಂತ್ರಿಯೂ ನನಗೆ ಒಲಿದದ್ದು ಹಲ್ಲಿನಿಂದಲೇ. ಒಂದು ಶನಿವಾರ ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಮನೆ ಖಾಲಿ ಮಾಡುತ್ತ ಗ್ಯಾರೇಜಿನ ಸಾಮಾನನ್ನೆಲ್ಲ ಹೊರಗೆ ಮಾರಾಟಕ್ಕೆ ಹರಡಿದ್ದರು. ಟೋಪಿ ಕಳೆದುಕೊಂಡ ದೀಪ, ಒಂದೇ ಒಂದು ಗಾಲ್ಫ್ ಕೋಲು, ಇವುಗಳ ನಡುವೆ ಈತ ಗೋಡೆಗೆ ಒರಗಿ ಬಾಯಿ ತೆರೆದು ನಿಂತಿದ್ದ. ಹಳೇ ಕಾಲದ ಬಣ್ಣದ ವ್ಯಂಗ್ಯಚಿತ್ರ. ಊಟದ ಮೇಜು, ಮೇಜಿನ ಮೇಲೆ ದೊಡ್ಡದೊಂದು ಕಡುಬು, ಮುಂದೆ ಈ ದಢೂತಿ. ಕಡುಬಿನಲ್ಲಿ ಕೆಂಪು ಕೆಂಪಾಗಿ ಏನೋ ಇತ್ತು, ಚೆರ್ರಿ ಹಣ್ಣು ಎಂದುಕೊಂಡೆ. ಮೇಜಿನ ಕೆಳಗೆ ಏನೋ ಪ್ರಾಣಿಗಳಿದ್ದವು, ನಾಯಿಗಳು ಎಂದುಕೊಂಡೆ. ನನ್ನ ಗಮನವೆಲ್ಲ ದವಡೆಯ ಮೇಲೆ. ಬರೆದವನು ಒಂದೊಂದು ದವಡೆಹಲ್ಲನ್ನೂ ಬಿಡದೆ ಬರೆದಿದ್ದ, ಮೇಲಿನ ಎಡಗಡೆಯ ಹುಳುಕಿನ ಸಮೇತ. ಕ್ಲಿನಿಕ್ಕಿನಲ್ಲಿ ಹಾಕಬೇಕೆಂದು ಕೊಂಡು ತಂದೆ.

"ಇದನ್ನ ನೋಡಿದ್ರ ಪೇಶಂಟ್ ಕುರ್ಚಿ ಸಮೇತ ಓಡಿ ಹೋಗ್ತಾರ" ಎಂದ ಗಿರೀಶ. ಅದೂ ನಿಜವೆನ್ನಿಸಿ ಚಿತ್ರವನ್ನು ಹಜಾರದಲ್ಲಿ ಶೂ ಸ್ಟ್ಯಾಂಡಿನ ಹಿಂದೆ ಇಟ್ಟು ಮರೆತುಬಿಟ್ಟೆ.

ಇಲ್ಲಿ ಬೇಸಿಗೆ ಡಿಸೆಂಬರಿಗೆ ಶುರು; ಅದೇ ಬೇಸಿಗೆಯಲ್ಲಿ ನಾವು ಈ ಮನೆಗೆ ಬಂದಿದ್ದೆವು, ಮನೆ ನೋಡಲು ಗದಗಿನಿಂದ ನನ್ನ ಅತ್ತೆ ನೀಲವ್ವ ಬಂದರು. ಬಂದ ಹೊಸದರಲ್ಲಿ ಅವರನ್ನು ನೋಡಿದರೆ ಪಾಪ ಎನಿಸುತ್ತಿತ್ತು. ನಾವಿಬ್ಬರೂ ಕೆಲಸಕ್ಕೆ ಹೋದರೆ ಅವರು ಕಿಟಕಿಯ ಪಕ್ಕ ಕುಳಿತು ಕೆಳಗೆ ಹಾದುಹೋಗುವ ರೈಲು ನೋಡುವುದು, ಮುಂದಿನ ರೈಲಿಗೆ ಕಾಯುವುದು. "ಮನಿ ಭಾಳ ಚಲೋ ಐತಿ, ಖರೆ ಮಾತಾಡ್ಲಿಕ್ಕೆ ಒಂದು ನರಪಿಳ್ಳಿ ಇಲ್ಲ" ಎನ್ನುವರು. ಸಂಜೆ ಮಗ ಬಂದ ಕೂಡಲೇ ಒಂದೇ ಮಾತು, "ಟಿಕೀಟು ಹಿಂದ ಮುಂದ ಮಾಡ್ಲಿಕ್ಕೆ ಬರ್ತೈತೇನೋ?" ಗಿರೀಶ ನನ್ನ ಮುಖ ನೋಡುವನು, ನಾನು ಅನ್ನದ ಪಾತ್ರೆ ನೋಡುವೆ.

ಅವರನ್ನು ಉಳಿಸಿದ್ದು ಒಣಮೆಣಸಿನಕಾಯಿ. ಗಿರೀಶನಿಗೆ ನೆಗಡಿಯಾಯಿತು. ಅತ್ತೆಯ ಪ್ರಕಾರ ಅದು ನೆಗಡಿಯಲ್ಲ, ನದರು. ನಾವು ಮೈಸೂರಿನವರು ದೃಷ್ಟಿ ಎನ್ನುವುದಕ್ಕೆ ಅವರು ನದರು ಎನ್ನುತ್ತಾರೆ. ಹೊಸ ಮನೆಗೆ ಮಂದಿಯ ಕಣ್ಣು ಬಿದ್ದಿದೆ ಎಂದು ಮಗನನ್ನು ಕೂರಿಸಿ ಉಪ್ಪು, ಸಾಸಿವೆ, ಮೆಣಸಿನಕಾಯಿ ನಿವಾಳಿಸಿ ಕಾದ ಬಾಣಲೆಗೆ ಹಾಕಿದರು. ಅತ್ತೆಗೆ ಒಂದು ಚೂರೂ ಕೆಮ್ಮು ಬರಲಿಲ್ಲ. "ನೋಡ್ದಿ? ಘಾಟ ಇಲ್ಲ. ಎಂಥಾ ನದರು ಬಿದ್ದಿತ್ತು ನೋಡು" ಎಂದು ಹೆಮ್ಮೆಯಿಂದ ಹೇಳುತ್ತಿದ್ದಾಗಲೇ ಚಾವಣಿಯ ಹೊಗೆ ಅಲಾರಾಂ ಬಾಯಿಬಾಯಿ ಬಡಿದುಕೊಳ್ಳಲು ಶುರುಮಾಡಿತು. ಅತ್ತೆ ಬಾಣಲೆ ಹಿಡಿದು ಪಡಸಾಲೆಯಲ್ಲಿ ಓಡಿದರು, ಓಡಿದಲ್ಲೆಲ್ಲ ಹೊಗೆಯೂ ಓಡಿತು. ಗಿರೀಶ ಕುರ್ಚಿ ಹತ್ತಿ ಅಲಾರಾಮಿಗೆ ಕೈ ಮುಗಿಯುವ ಭಂಗಿಯಲ್ಲಿ ಸೀನುತ್ತಿದ್ದ. ಆಗ ಹಿಂಬದಿಯ ಬೇಲಿಯ ಸಂದಿನಿಂದ ನುಸುಳಿ ಬಂದವರು ಪಕ್ಕದ ಮನೆಯ ಮಾರ್ಗರೆಟ್ ಆಂಟಿ. ಎಂಬತ್ತರ ಆಸುಪಾಸಿನವರು, ಒಂಟಿ ಜೀವ, ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು. ಪಾತ್ರೆ ಒರೆಸುವ ಬಟ್ಟೆಯನ್ನು ಚಾಮರದಂತೆ ಬೀಸಿ ಅಲಾರಾಂ ನಿಲ್ಲಿಸಿದರು. ಆಮೇಲೆ ಬಾಣಲೆಗೆ ಬಗ್ಗಿ ಮೂಸಿ, ಸೀನಿ, ಮತ್ತೆ ಸೀನಿ, ಕೊನೆಗೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟರು. ಅತ್ತೆಯೂ ಪಕ್ಕದಲ್ಲಿ ಕುಳಿತರು. ಇಬ್ಬರಿಗೂ ನಗು ನಿಲ್ಲಲಿಲ್ಲ.

ಮರುದಿನದಿಂದ ಟಿಕೀಟಿನ ಮಾತು ನಿಂತೇಹೋಯಿತು. ಬೆಳಗಾದರೆ ಬೇಲಿಯ ಸಂದಿನಿಂದ ಒಬ್ಬರು ಬರುವರು ಇಲ್ಲವೇ ಇನ್ನೊಬ್ಬರು ಹೋಗುವರು. ಇವರಿಗೆ ಇಂಗ್ಲಿಷ್ ಇಲ್ಲ, ಅವರಿಗೆ ಕನ್ನಡ ಇಲ್ಲ, ಆದರೂ ಮಧ್ಯಾಹ್ನದವರೆಗೆ ಮಾತು. ಅವರು ಬುಟ್ಟಿ ತುಂಬ ಫೀಜೋವಾ ಹಣ್ಣು ಕೊಟ್ಟರು. ಅತ್ತೆ ಅದಕ್ಕೆ ಹುಳಿ ಪ್ಯಾರಲ, ಅಂದರೆ ಹುಳಿ ಸೀಬೆ, ಎಂದು ಹೆಸರಿಟ್ಟು, ಹಸಿಮೆಣಸಿನಕಾಯಿ ಹಾಕಿ ಕುಟ್ಟಿ ಚಟ್ನಿ ಮಾಡಿ ವಾಪಸು ಕೊಟ್ಟರು. ಮಾರ್ಗರೆಟ್ ಆಂಟಿ ಅತ್ತೆಯ ಬಾಯಲ್ಲಿ ಮಾರ್ಗವ್ವ ಆದರು. ಸಂಜೆ ಊಟಕ್ಕೆ ಕುಳಿತಾಗ, "ಮಾರ್ಗವ್ವನ ಮೊಣಕಾಲು ಬ್ಯಾನಿ ಈಗ ಕಡಿಮಿ ಐತಿ" ಎಂದು ವರದಿ ಬರುತ್ತಿತ್ತು. ಹೇಗೆ ಗೊತ್ತಾಯಿತು ಎಂದರೆ, "ಆಕೀನ ಹೇಳಿದ್ಲಲ್ಲ" ಎನ್ನುವರು. ನಾನೂ ಗಿರೀಶನೂ ಒಂದೇ ಭಾಷೆಯಲ್ಲಿ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ಮೆಣಸಿನಕಾಯಿ ಸುಡುವುದಕ್ಕೆ ಮಗ ನಿರ್ಬಂಧ ಹಾಕಿದ. ಹಾಗೆಂದು ಮನೆಗೆ ರಕ್ಷಣೆ ಬೇಡವೇ? ಬೂದುಗುಂಬಳ ಕಟ್ಟೋಣವೆಂದರೆ ಆ ಗಾಳಿಗೆ ಅದು ಯಾರ ತಲೆಯ ಮೇಲೆ ಬೀಳುವುದೋ. ಹೀಗೆ ಯೋಚಿಸುತ್ತಿದ್ದ ಅತ್ತೆಯ ಕಣ್ಣಿಗೆ ಒಂದು ದಿನ ಶೂ ಸ್ಟ್ಯಾಂಡಿನ ಹಿಂದಿನ ಮಂತ್ರಿ ಬಿದ್ದ. ನಾನು ಕ್ಲಿನಿಕ್ಕಿನಿಂದ ಬರುವಷ್ಟರಲ್ಲಿ ಅವನಿಗೆ ಬಡ್ತಿಯಾಗಿ ಮುಂಬಾಗಿಲ ಪಕ್ಕ, ಮೂಗಿಗೆ ಕುಂಕುಮ ಇಡಿಸಿಕೊಂಡು, ಬೀದಿಯನ್ನು ದಿಟ್ಟಿಸುತ್ತಿದ್ದ.

"ಇಂಥಾ ಚಲೋ ದೃಷ್ಟಿಗೊಂಬಿ ತಂದು ಬೂಟಿನ ಹಿಂದ ಇಟ್ಟೀಯಲ್ಲ, ನಿನಗೇನನ್ನಬೇಕು" ಎಂದರು ಅತ್ತೆ.

ನನಗೆ ಖುಷಿಯೇ ಆಯಿತು. ದೃಷ್ಟಿಬೊಂಬೆಗಳ ಜೊತೆ ನನ್ನದು ಹಳೆಯ ಸಂಬಂಧ. ಚಿಕ್ಕವಳಿದ್ದಾಗ ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ಕಟ್ಟುತ್ತಿದ್ದ ಪ್ರತಿ ಮನೆಗೂ ಒಂದೊಂದು. ಹುಲ್ಲು ತುರುಕಿದ ಪ್ಯಾಂಟು, ಮಡಕೆಯ ತಲೆ, ಸುಣ್ಣದ ಹಲ್ಲು. ಅದರಲ್ಲಿ ಒಂದಕ್ಕೆ ಥೇಟ್ ನಮ್ಮ ಡ್ರಿಲ್ ಮಾಸ್ತರರ ಮೀಸೆ. ಅದರ ಮುಂದೆ ಕಣ್ಣು ಮುಚ್ಚಿಕೊಂಡು ಓಡಬೇಕೆಂಬುದು ನಾನೇ ಮಾಡಿಕೊಂಡ ಕಾನೂನು. ಒಂದು ದಿನ ಹಾಗೆ ಓಡಿ ನೇರವಾಗಿ ಚರಂಡಿಗೆ ಇಳಿದೆ. ಒಂದೇ ಚಪ್ಪಲಿಯಲ್ಲಿ ಅಳುತ್ತ ಮನೆಗೆ ಬಂದಾಗ ಅಜ್ಜಿ, "ಅದು ಹೆದರಿಸೋದು ನಿನ್ನನ್ನಲ್ಲ ಕಣೇ, ಕೆಟ್ಟ ಕಣ್ಣಿನವರನ್ನ" ಎಂದು ಕಾಲು ತೊಳೆದಿದ್ದರು. ಹಾಗಾದರೆ ನನ್ನದು ಕೆಟ್ಟ ಕಣ್ಣೇ ಎಂಬ ಹೊಸ ಭಯ ಹುಟ್ಟಿ ಎಷ್ಟೋ ದಿನ ಕನ್ನಡಿ ನೋಡಿಕೊಂಡೆ. ಈಗ ಅಂಥದೇ ಒಬ್ಬ ನಮ್ಮ ಮನೆಗೆ ಕಾವಲು. ಮೊಬೈಲಿನಲ್ಲಿ ಅವನ ಫೋಟೋ ತೆಗೆದು ಸಲೀಮನಿಗೆ ಕಳಿಸಿದೆ.

ಸಲೀಮ ದಾವಣಗೆರೆಯವನು, ಡನೀಡಿನ್‌ನಲ್ಲಿ ನನ್ನ ಫ್ಲಾಟ್‌ಮೇಟ್ ಆಗಿದ್ದವನು. ನಾನು ಹಲ್ಲು ಓದುತ್ತಿದ್ದಾಗ ಅವನು ಇತಿಹಾಸ ಓದುತ್ತಿದ್ದ, ಈಗ ಅಲ್ಲೇ ಪಾಠ ಹೇಳುತ್ತಾನೆ. ಕೂಡಲೇ ಫೋನ್ ಬಂತು. ಆ ಕಡೆ ಬರೀ ನಗು.

"ಡಾಕ್ಟ್ರಮ್ಮ, ಹಲ್ಲು ಬಿಟ್ಟು ಬೇರೆ ಏನಾದ್ರೂ ನೋಡಿದ್ಯಾ?"

"ಯಾಕೋ?"

"ಆ ಕಡುಬಲ್ಲಿ ಏನಿದೆ ಅಂದ್ಕೊಂಡಿದ್ದೀಯಾ?"

"ಚೆರ್ರಿ."

"ಚೆರ್ರಿಗೆ ಟೋಪಿ ಇರುತ್ತಾ? ಹೋಗಿ ಸರಿಯಾಗಿ ನೋಡು."

ಹಲ್ಲು ನೋಡಲು ನಾವು ಹಾಕಿಕೊಳ್ಳುವ ಭೂತಗನ್ನಡಕವೊಂದಿದೆ. ಅದನ್ನು ಏರಿಸಿ, ಸ್ಟೂಲು ಹತ್ತಿ, ಬೀದಿಗೆ ಬೆನ್ನು ಮಾಡಿ, ಮಂತ್ರಿಯ ಬಾಯಿಗೆ ಮೂಗು ತಾಗಿಸಿ ನೋಡಿದೆ. ಕೆಂಪು ಕೋಟಿನ ಪುಟ್ಟ ಪುಟ್ಟ ಸೈನಿಕರು. ಕಡುಬಿನ ಹಿಟ್ಟಿನಿಂದ ತಲೆ ಹೊರಗೆ ಹಾಕಿ ಕೈ ಬೀಸುತ್ತಿದ್ದಾರೆ. ಒಬ್ಬ ಆಗಲೇ ಫೋರ್ಕಿನ ತುದಿಯಲ್ಲಿದ್ದಾನೆ. ಮೇಜಿನ ಕೆಳಗಿದ್ದದ್ದು ನಾಯಿಗಳಲ್ಲ, ಮರದ ಕಾಲಿನ ಸೈನಿಕರು, ಎಂಜಲಿಗೆ ಕಾಯುತ್ತಿದ್ದಾರೆ. ಮಂತ್ರಿಯ ಬಾಯಿಂದ ಹೊಗೆಯಂತೆ ಹೊರಟ ಸುರುಳಿಯಲ್ಲಿ ಒಂದು ಮಾತು ಬರೆದಿತ್ತು. ಇನ್ನೊಂದೇ ತುತ್ತು, ಜಯ ನಮ್ಮದೇ.

"ಅಮೆರಿಕದವರು ಸ್ವಾತಂತ್ರ್ಯ ಬೇಕು ಅಂತ ಎದ್ದು ನಿಂತಿದ್ರಲ್ಲ, ಆ ಕಾಲದ್ದು" ಎಂದ ಸಲೀಮ. "ಮಂತ್ರಿಗಳು ಹಡಗು ತುಂಬಾ ಹುಡುಗರನ್ನ ಕಳಿಸ್ತಾನೇ ಇದ್ರು, ಗೆಲ್ಲೋ ಲಕ್ಷಣ ಇರಲಿಲ್ಲ. ಲಂಡನ್ನಲ್ಲಿ ಇಂಥ ಚಿತ್ರಾನ ಅಚ್ಚು ಹಾಕಿ ಅಂಗಡಿ ಗಾಜಿಗೆ ಅಂಟಿಸೋರು. ಕೊಳ್ಳೋಕಾಗದವರೆಲ್ಲ ಹೊರಗೆ ನಿಂತು ನೋಡಿ ನಕ್ಕು ಹೋಗೋರು. ನಿಂದು ಅಸಲಿ ಅಂತ ಕನಸು ಕಾಣ್ಬೇಡ, ಯಾವುದೋ ಕ್ಯಾಲೆಂಡರ್ ಹಾಳೆ. ಆದ್ರೂ ಅತ್ತೆಗೆ ನನ್ನ ಸಲಾಂ ಹೇಳು."

ನಾನೂ ನಕ್ಕೆ. ನಗು ಉಡುಗಿದ್ದು ಎರಡು ದಿನದ ಮೇಲೆ, ಮಾರ್ಗರೆಟ್ ಆಂಟಿಯ ಮನೆಯಲ್ಲಿ. ಅವರ ಬೆಂಕಿಗೂಡಿನ ಮೇಲೆ ಒಂದು ಫೋಟೋ ಇತ್ತು. ಸೈನಿಕನ ದಿರಿಸು, ಕೋಲು, ಪ್ಯಾಂಟಿನ ಒಂದು ಕಾಲು ವಿಚಿತ್ರವಾಗಿ ನೆಟ್ಟಗೆ. "ನನ್ನ ಅಪ್ಪ" ಎಂದರು. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಗೆ ಹೋಗಿ ಒಂದು ಕಾಲು ಅಲ್ಲೇ ಬಿಟ್ಟು ಬಂದವರಂತೆ. ಏಪ್ರಿಲ್ ಹತ್ತಿರ ಬಂದಿತ್ತು. ಯುದ್ಧದಲ್ಲಿ ಸತ್ತವರನ್ನು ನೆನೆಯುವ ಆನ್‌ಜಾಕ್ ಡೇ, ಅದೂ ಗಲಿಪೊಲಿಗೆ ನೂರು ತುಂಬಿದ ವರ್ಷ. ಬೆಳಗಿನ ಜಾವದ ಪ್ರಾರ್ಥನೆಗೆ ಈ ಸಲ ನೀಲಾಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು ಆಂಟಿ.

ನನಗೆ ನಮ್ಮ ಮಂತ್ರಿ ನೆನಪಾದ. ಪಕ್ಕದ ಮನೆಯಲ್ಲಿ ಮರಗಾಲಿನ ಅಪ್ಪನ ಮಗಳು, ನಮ್ಮ ಬಾಗಿಲಲ್ಲಿ ಎಂಜಲಿಗೆ ಕಾಯುವ ಮರಗಾಲಿನ ಸೈನಿಕರು, ಮೇಲೆ ಕುಂಕುಮ. ಇದನ್ನು ನೋಡಿ ಅವರು ನೊಂದುಕೊಂಡರೆ ಬೇಲಿಯ ಸಂದು ಮುಚ್ಚಿದಂತೆಯೇ. ಅತ್ತೆಗೆ ಈ ದೇಶದಲ್ಲಿ ಇದ್ದದ್ದು ಒಬ್ಬರೇ ಗೆಳತಿ. ಮತ್ತೆ ಆ ಕಿಟಕಿ, ಆ ರೈಲು, ಆ ಟಿಕೀಟು.

ಚಿತ್ರವನ್ನು ಒರೆಸುವ ನೆಪದಲ್ಲಿ ಕೆಳಗಿಳಿಸಿ ಬಚ್ಚಿಟ್ಟೆ. ಅತ್ತೆ ಹುಡುಕಿ ತಂದು ಮತ್ತೆ ಹಾಕಿದರು. ಗೋಡೆಯ ಕಡೆಗೆ ತಿರುಗಿಸಿಟ್ಟೆ. ಅತ್ತೆಗೆ ಸಿಟ್ಟು ಬಂತು.

"ಮಾರಿ ಹೊರಗ ಇರಬೇಕು" ಎಂದರು. ಗದಗಿನ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. "ಒಳಗ ಮಾಡಿದ್ರ ನದರೆಲ್ಲಾ ಮನ್ಯಾಗ ಬರ್ತೈತಿ."

"ಅತ್ತೆ, ಅದು ದೃಷ್ಟಿಬೊಂಬೆ ಅಲ್ಲ. ಯುದ್ಧ ಬೇಡ ಅಂತ ತಮಾಷೆ ಮಾಡಿರೋ ಚಿತ್ರ."

"ಯಾವುದರ ಇರ್ಲಿ. ಗಿರೀಗೆ ಆಮ್ಯಾಲೆ ಒಮ್ಮೆರ ನೆಗಡಿ ಬಂದೈತೇನು?"

ಬಂದಿರಲಿಲ್ಲ. ವಿಜ್ಞಾನ ಓದಿದ ನಾನು ಚಿತ್ರವನ್ನು ಮತ್ತೆ ಬೀದಿಯ ಕಡೆಗೆ ತಿರುಗಿಸಿದೆ. ಗಿರೀಶನನ್ನು ಕೇಳಿದರೆ, "ಅತ್ತಿ ಸೊಸಿ ನಡುವ ನಾ ಬರಂಗಿಲ್ಲ" ಎಂದು ಹುಲ್ಲು ಕತ್ತರಿಸಲು ಹೊರಟ. ನಾನು ಪ್ಲಾಸ್ಟಿಕ್ ತೋರಣ ತಂದು ಚಿತ್ರದ ಕೆಳಭಾಗಕ್ಕೆ ಕಟ್ಟಿ ಮರಗಾಲುಗಳನ್ನು ಮುಚ್ಚಿದೆ. ಹೀಗಾಗಿ ಮಂತ್ರಿಗೆ ಮಾವಿನೆಲೆಯ ಲಂಗ ಉಡಿಸಿದಂತಾಗಿ ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳತೊಡಗಿದ. ಒಂದೇ ಸಮಾಧಾನವೆಂದರೆ ಮಾರ್ಗರೆಟ್ ಆಂಟಿ ಯಾವಾಗಲೂ ಹಿತ್ತಲಿನಿಂದಲೇ ಬರುತ್ತಿದ್ದರು, ನಮ್ಮ ಮುಂಬಾಗಿಲನ್ನು ಅವರು ನೋಡಿಯೇ ಇರಲಿಲ್ಲ.

ಆನ್‌ಜಾಕ್ ಬೆಳಿಗ್ಗೆ ಅತ್ತೆ ಇಳಕಲ್ ಸೀರೆಯ ಮೇಲೆ ಗಿರೀಶನ ಜಾಕೆಟ್ ಹಾಕಿ, ಎದೆಗೆ ಅವತ್ತು ಎಲ್ಲರೂ ಸೈನಿಕರ ನೆನಪಿಗೆ ಚುಚ್ಚಿಕೊಳ್ಳುವ ಕೆಂಪು ಕಾಗದದ ಹೂ ಚುಚ್ಚಿಕೊಂಡು ಹಿತ್ತಲಿನಿಂದಲೇ ಹೋದರು. ಹೋಗುವಾಗ ನನಗೊಂದು ಆಜ್ಞೆ. ಮಾರ್ಗವ್ವ ತಿಂಡಿಗೆ ನಮ್ಮಲ್ಲಿಗೇ ಬರುತ್ತಾಳೆ, ಅವಲಕ್ಕಿ ಒಗ್ಗರಣೆ ಆಗಿರಬೇಕು. ಹಬ್ಬದ ದಿನ, ಬೀದಿಯ ಕಡೆಯಿಂದ ಬಂದರೆ ಎಂದು ನನಗೆ ಆಗ ಹೊಳೆಯಿತು. ಗಿರೀಶನ ದೊಡ್ಡ ರೇನ್‌ಕೋಟನ್ನು ಒಣಹಾಕುವವಳಂತೆ ಚಿತ್ರದ ಮೇಲಿನ ಮೊಳೆಗೆ ನೇತುಹಾಕಿ ಒಗ್ಗರಣೆಗೆ ನಿಂತೆ.

ಕಡಲೆಬೀಜ ಕೆಂಪಾಗುತ್ತಿದ್ದ ಹಾಗೆ ಹೊರಗೆ ದನಿ ಕೇಳಿತು. ಮುಂಬಾಗಿಲ ಕಡೆಯಿಂದಲೇ. ಸೌಟು ಹಿಡಿದೇ ಓಡಿ ಬಾಗಿಲು ತೆರೆದೆ. ಅತ್ತೆ ಮತ್ತು ಆಂಟಿ ಕೈ ಕೈ ಹಿಡಿದು ಮೆಟ್ಟಿಲೇರುತ್ತಿದ್ದರು, ಆಂಟಿಯ ಕೋಟಿನ ಬಲಗಡೆಗೆ ಅಪ್ಪನ ಪದಕಗಳು. ವೆಲಿಂಗ್ಟನ್ನಿನ ಗಾಳಿ ಇದನ್ನೇ ಕಾಯುತ್ತಿತ್ತೋ ಏನೋ, ರೇನ್‌ಕೋಟು ಉಬ್ಬಿ, ಮೊಳೆ ಬಿಟ್ಟು, ತೋರಣವನ್ನೂ ಜೊತೆಗೆ ಕಿತ್ತುಕೊಂಡು ನಮ್ಮೆಲ್ಲರ ತಲೆಯ ಮೇಲೆ ಹಾರಿ ಎದುರು ಮನೆಯ ಯೂಟ್ ಎಂಬ ತೆರೆದ ಸಾಮಾನು ಗಾಡಿಯ ಹಿಂಬದಿಗೆ ಹೋಗಿ ಬಿತ್ತು. ಮಂತ್ರಿ ಬಾಯಿ ತೆರೆದು ಮಾರ್ಗರೆಟ್ ಆಂಟಿಯನ್ನು ನೋಡಿದ.

ಆಂಟಿ ಕೈಚೀಲದಿಂದ ಕನ್ನಡಕ ತೆಗೆದರು. ಬಗ್ಗಿದರು. "ಆಂಟಿ, ಒಳಗೆ ಬನ್ನಿ, ಟೀ ಆರಿಹೋಗುತ್ತೆ" ಎಂದೆ, ಟೀ ಇನ್ನೂ ಒಲೆಗೇ ಇಟ್ಟಿರಲಿಲ್ಲ. ಅವರು ಸುಮ್ಮನಿರು ಎಂದು ಕೈ ತೋರಿಸಿದರು. ಕಡುಬು ನೋಡಿದರು, ಫೋರ್ಕು ನೋಡಿದರು, ಬಾಯಿಯ ಸುರುಳಿ ಓದಿದರು, ಮೇಜಿನ ಕೆಳಗಿನ ಮರಗಾಲುಗಳ ಮೇಲೆ ಅವರ ಕಣ್ಣು ನಿಂತುಬಿಟ್ಟಿತು. ನನ್ನ ಸೌಟಿನಿಂದ ಎಣ್ಣೆ ಕಾಲ ಮೇಲೆ ತೊಟ್ಟಿಕ್ಕಿತು. ಅವರು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. ಬೇರೆಯವರಾಗಿದ್ದರೆ ಅಳು ಎಂದುಕೊಳ್ಳುತ್ತಿದ್ದರು. ನನಗೆ ಗೊತ್ತು, ಅದು ಮೇಲಿನ ಸೆಟ್ಟು ಜಾರಿದವರು ಹಿಡಿಯುವ ರೀತಿ. ಹಲ್ಲು ಜಾರುವಷ್ಟು ನಗು ಬಂದಿತ್ತು ಅವರಿಗೆ.

ಸೆಟ್ಟು ಸರಿಮಾಡಿಕೊಂಡು, "ಅಪ್ಪ ಇದನ್ನ ನೋಡಬೇಕಿತ್ತು, ಡಿಯರ್" ಎಂದರು. ಅವರ ಅಪ್ಪ ಆನ್‌ಜಾಕ್ ಮೆರವಣಿಗೆಗೆ ಒಮ್ಮೆಯೂ ಹೋದವರಲ್ಲವಂತೆ. ಆ ದಿನ ಮರದ ಕಾಲು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲಿಟ್ಟು ಬೂಟ್ ಪಾಲಿಶ್ ಹಾಕಿ ತಿಕ್ಕುವರು. ರೇಡಿಯೋದಲ್ಲಿ ಮಂತ್ರಿಗಳ ಭಾಷಣ ಶುರುವಾದರೆ ಆ ಕಾಲನ್ನು ರೇಡಿಯೋದ ಮುಂದೆ ನಿಲ್ಲಿಸಿ, "ನೀನೇ ಕೇಳಪ್ಪ, ಇದು ನಿನಗೇ ಹೇಳ್ತಿರೋದು" ಎನ್ನುವರು. ಮಕ್ಕಳು ಬಿದ್ದು ಬಿದ್ದು ನಗುವರು. "ಅಮ್ಮ ಮಾತ್ರ ನಗ್ತಿರಲಿಲ್ಲ" ಎಂದು ಆಂಟಿ ಸ್ವಲ್ಪ ಹೊತ್ತು ಪದಕಗಳನ್ನು ಹಿಡಿದುಕೊಂಡರು.

"ಏನಂತಾಳವಾ ಆಕಿ?" ಎಂದರು ಅತ್ತೆ.

ನಾನು ಮೊದಲ ಬಾರಿಗೆ ಅವರಿಬ್ಬರ ನಡುವೆ ಭಾಷಾಂತರಕ್ಕೆ ನಿಂತೆ. ಕಡುಬಿನ ಹುಡುಗರನ್ನೂ, ಫೋರ್ಕಿನ ತುದಿಯವನನ್ನೂ, ಮೇಜಿನ ಕೆಳಗಿನವರನ್ನೂ ಬೆರಳಿಟ್ಟು ತೋರಿಸಿದೆ. ರೇಡಿಯೋ ಕೇಳಿದ ಕಾಲಿನ ಕಥೆ ಹೇಳಿದೆ. ಅತ್ತೆ ನಗಲಿಲ್ಲ. ಗಾಳಿಗೆ ಓರೆಯಾಗಿದ್ದ ಮಂತ್ರಿಯ ಚೌಕಟ್ಟನ್ನು ನೆಟ್ಟಗೆ ಮಾಡಿದರು.

"ಹಂಗಾರ ನಾ ಸರಿಯಾಗೇ ಹಾಕೀನಿ" ಎಂದರು. "ಮಂದಿ ಮಕ್ಕಳನ್ನ ನೋಡಿ ಬಾಯಾಗ ನೀರು ಬರ್ತಾವಲ್ಲ ಇವರಿಗೆ, ಅದಕ್ಕಿಂತ ಕೆಟ್ಟ ನದರು ಯಾವುದೈತಿ? ಇಂಥಾವ್ರು ಬಾಗಲಿಗೆ ಬಂದ್ರ ತಮ್ಮ ಮಾರಿ ತಾವ ನೋಡಿ ಹೊಳ್ಳಿ ಹೋಗ್ಲಿ."

ಹೇಳಿದವರೇ ಆಂಟಿಯ ಕೆನ್ನೆ ಸವರಿ, ತಮ್ಮ ಹಣೆಯ ಎರಡೂ ಬದಿಗೆ ಬೆರಳೊತ್ತಿ ಲಟಲಟ ನೆಟಿಗೆ ಮುರಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಆಂಟಿ ಕೇಳಿ ತಲೆಯಾಡಿಸಿ, ತಮ್ಮ ಬಾಗಿಲಿಗೂ ಅಂಥ ಮಂತ್ರಿಯೊಬ್ಬ ಬೇಕು ಎಂದರು. ಅಷ್ಟರಲ್ಲಿ ಒಲೆಯ ಮೇಲಿನ ಕಡಲೆಬೀಜ ಸುಟ್ಟು ಒಳಗೆ ಅಲಾರಾಂ ಬಡಿದುಕೊಳ್ಳತೊಡಗಿತು. ಇಬ್ಬರೂ ಸೆರಗು, ಕೋಟು ಬೀಸುತ್ತ ಒಳಗೆ ನುಗ್ಗಿದರು. ಅವತ್ತು ತಿಂಡಿಗೆ ಬ್ರೆಡ್ಡು.

ಮಂತ್ರಿಯ ಕಲರ್ ಜೆರಾಕ್ಸ್ ಮಾಡಿಸಿ, ಮಳೆಗೆ ನೆನೆಯದಂತೆ ಲ್ಯಾಮಿನೇಷನ್ ಮಾಡಿಸಿ ಒಂದನ್ನು ಮಾರ್ಗರೆಟ್ ಆಂಟಿಯ ಬಾಗಿಲಿಗೆ ಅತ್ತೆಯೇ ನಿಂತು ಹಾಕಿಸಿದರು. ಕುಂಕುಮವೂ ಆಯಿತು. ಕೇಳಿದವರಿಗೆಲ್ಲ ಆಂಟಿ ಗಂಭೀರವಾಗಿ, ಇದು ತುಂಬ ಹಳೆಯ ಇಂಡಿಯನ್ ಪದ್ಧತಿ ಎನ್ನುತ್ತಾರೆ. ವೀಸಾ ಮುಗಿಯುವ ಕೊನೆಯ ದಿನದವರೆಗೂ ಇದ್ದು ಅತ್ತೆ ಊರಿಗೆ ಹೊರಟಾಗ ಅವರ ಪೆಟ್ಟಿಗೆಯಲ್ಲೂ ಒಬ್ಬ ಮಂತ್ರಿ ಇದ್ದ. ಗದಗಿನಲ್ಲಿ ಅವರು ಇದನ್ನು ನ್ಯೂಜಿಲೆಂಡಿನ ಪದ್ಧತಿ ಎನ್ನುತ್ತಾರೆ.

ಮೊನ್ನೆ ಫೋನ್ ಮಾಡಿದ್ದರು. ಊರಲ್ಲಿ ಚುನಾವಣೆ ಜೋರಂತೆ. ವೋಟು ಕೇಳಲು ಒಬ್ಬ ಅಭ್ಯರ್ಥಿ ಹಿಂಬಾಲಕರ ಹಿಂಡು ಕಟ್ಟಿಕೊಂಡು ಮನೆ ಬಾಗಿಲಿಗೆ ಬಂದಿದ್ದನಂತೆ.

"ಆಮೇಲೆ?" ಎಂದೆ. "ಮಂತ್ರೀನ ನೋಡಿ ಹಿಂದಕ್ಕೆ ಹೋದ್ನಾ ಅತ್ತೆ?"

"ಎಲ್ಲೀದವಾ. ಚಪ್ಪಲಿ ಬಿಟ್ಟು ಬಂದು, ಕುಂಕುಮ ಮುಟ್ಟಿ ಹಣಿಗೆ ಹಚ್ಚಿಕೊಂಡು, ಕೈ ಮುಗದು ಹೋದ" ಎಂದರು ಅತ್ತೆ. ಫೋನಿನಲ್ಲಿ ನಗು ತಡೆಯುತ್ತಿರುವುದು ಕೇಳಿಸುತ್ತಿತ್ತು. "ಮಾರ್ಗವ್ವಗ ಹೇಳು. ಈಗ ಹೋಗಿ ಹೇಳು."

ಫೋನ್ ಹಿಡಿದೇ ಬೇಲಿಯ ಸಂದಿನಿಂದ ನುಸುಳಿ ಹೋಗಿ ಹೇಳಿದೆ. ಮಾರ್ಗರೆಟ್ ಆಂಟಿ ಪೂರ್ತಿ ಕೇಳಿಸಿಕೊಂಡರು, ಒಂದು ನಿಮಿಷ ತಡಿ ಎಂದರು, ಮೇಲಿನ ಸೆಟ್ಟು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು, ಆಮೇಲೆ ನಕ್ಕರು.